ಮಸ್ಕಿರಿ ಅಂದ್ರ ಬರೀ ನಗಿ ಏನು?

ಪ್ರಶ್ನೆ: 'ಮಸ್ಕಿರಿ' ಕನ್ನಡದ್ದೇ? 'ಗೇಲಿ'ಗೂ ಇದಕ್ಕೂ ಏನು ಫರಕು?
– ಓದುಗರು, ಆಳಂದ

ಉತ್ತರ: ಮೂಲ ಅರಬ್ಬಿಯ 'ಮಸ್ಖರಾ', ವಿದೂಷಕ, ನಗೆಪಾಟಲಿನವ ಎಂಬ ಅರ್ಥ. ಫಾರಸಿ ದಾಟಿ ಮರಾಠಿಯಲ್ಲಿ 'ಮಸ್ಕರೀ', ಅಂದರೆ ತಮಾಷೆ, ಆಯಿತು. ಬೀದರ್, ಕಲಬುರಗಿ ಕಡೆ ಮರಾಠಿ, ದಖನಿ (ಈ ಕಡೆಯ ಉರ್ದು) ಎರಡೂ ಮನೆಯ ಮಾತುಗಳಾದ್ದರಿಂದ ಪದ ಇಲ್ಲಿ ಊರಿದ್ದು ಸಹಜ.

ಫರಕು ಗೊತ್ತಾಗುವುದು ವಿಭಕ್ತಿಯಲ್ಲಿ. 'ಅವನ ಸಂಗಟ ಮಸ್ಕಿರಿ ಮಾಡ್ಲತ್ತೀನಿ' ಅಂದರೆ ಇಬ್ಬರೂ ನಗುತ್ತಿದ್ದಾರೆ. 'ಅವನನ್ನು ಗೇಲಿ ಮಾಡಿದರು' ಎಂದಾಗ ನಗು ಒಂದೇ ಕಡೆ. ಅವನು ಬರೀ ಗುರಿ. ಭಾವ-ಮೈದುನರ ನಡುವೆ ಮಸ್ಕಿರಿ ನಡೆಯುತ್ತದೆ, ಗೇಲಿ ನಡೆದರೆ ಜಗಳ. 'ಲೇವಡಿ' ಇನ್ನೂ ಖಾರ, ಪತ್ರಿಕೆಗಳ ರಾಜಕೀಯ ಸುದ್ದಿಗೆ ಒಗ್ಗಿದ ಪದ.

ಧಾಟಿ ಬದಲಾದರೆ ಅರ್ಥವೂ ತಿರುಗುತ್ತದೆ. 'ಏನ್, ಮಸ್ಕಿರಿ ಮಾಡ್ಲತ್ತೀ?' ಎಂದು ಸಾಲ ಕೊಟ್ಟವ ಕೇಳಿದರೆ ಅದು ನಗೆಯಲ್ಲ, ಎಚ್ಚರಿಕೆ. ಹೊರಗಿನಿಂದ ಬಂದವರು ಎಡವುವುದು ಇಲ್ಲೇ.

ಪ್ರಶ್ನೆ: ಸಂಸ್ಕೃತದಲ್ಲೂ 'ಮಸ್ಕರಿ' ಇದೆಯಂತಲ್ಲ?
– ಓದುಗರು, ಸುರಪುರ

ಉತ್ತರ: ಇದೆ, ಸಂಬಂಧವಿಲ್ಲ. ಪಾಣಿನಿಯ ಪ್ರಕಾರ 'ಮಸ್ಕರ' ಬಿದಿರು, 'ಮಸ್ಕರಿ' ಪರಿವ್ರಾಜಕ. ಸನ್ಯಾಸಿಯೂ ಕುಚೋದ್ಯವೂ ಒಂದೇ ಕಾಗುಣಿತದಲ್ಲಿ ಕೂತದ್ದು ಭಾಷೆಯದೇ ಮಸ್ಕಿರಿ!

ಪ್ರಶ್ನೆ: 'ಚ್ಯಾಷ್ಟಿ' ತಪ್ಪು ರೂಪವೇ?
– ಓದುಗರು, ಹುಮನಾಬಾದ್

ಉತ್ತರ: ಅಲ್ಲ. 'ಚೇಷ್ಟೆ'ಯ ಆಡುರೂಪ. ಸಂಸ್ಕೃತದಲ್ಲಿ ಅಂಗಚಲನೆ, ಕ್ರಿಯೆ ಎಂದಷ್ಟೇ ಅರ್ಥ. ತುಂಟತನ ಸೇರಿಸಿದವರು ನಾವು. ಮಸ್ಕಿರಿ ಹೆಚ್ಚಾಗಿ ಬಾಯಿಯದು, ಚ್ಯಾಷ್ಟಿಗೆ ಕೈಯೂ ಬೇಕು. ಚಪ್ಪಲಿ ಬಚ್ಚಿಟ್ಟರೆ ಚ್ಯಾಷ್ಟಿ.