‘ಪುಸ್ತಕದಲ್ಲಿ ಇಲ್ಲ ಮಿಸ್’ ಎನ್ನುವ ಮಕ್ಕಳಿಗೆ ಓದು ಕಲಿಸುವುದು

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನಲ್ಲಿ ಕನ್ನಡ ಶಿಕ್ಷಕಿ. ಎಂಟನೆಯ ತರಗತಿಯ ಮಕ್ಕಳು ತಡವರಿಸದೆ ಓದುತ್ತಾರೆ. ಆದರೆ ಪಾಠದಲ್ಲಿ ನೇರವಾಗಿ ಇಲ್ಲದ್ದನ್ನು ಕೇಳಿದರೆ ‘ಪುಸ್ತಕದಲ್ಲಿ ಇಲ್ಲ ಮಿಸ್’ ಎನ್ನುತ್ತಾರೆ. ಊಹಿಸಿ ಹೇಳಿ ಎಂದರೆ ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಇನ್ನು ವಿವರವಾಗಿ ಉತ್ತರಿಸದೆ ಗತ್ಯಂತರವಿಲ್ಲ. ಮೊದಲು ‘ಊಹಿಸಿ ಹೇಳಿ’ ಎನ್ನುವುದನ್ನು ನಿಲ್ಲಿಸಿ. ಏನು ಹೇಳಿದರೂ ನಡೆಯುತ್ತದೆ ಎಂದು ಮಕ್ಕಳು ತಿಳಿಯುವುದು ಅದರಿಂದಲೇ. ‘ನಿನಗೆ ಹಾಗನ್ನಿಸಿದ್ದು ಯಾವ ಮಾತಿನಿಂದ?’ ಎಂದು ಕೇಳಿ, ಆ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಸಿ.

ಬೋರ್ಡಿನ ಮೇಲೆ ಹೀಗೆ ಬರೆಯಿರಿ: “ಕಣದಲ್ಲಿ ಹರಡಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುವಷ್ಟರಲ್ಲಿ ರಂಗಪ್ಪನ ಅಂಗಿ ಮೈಗೆ ಅಂಟಿತ್ತು. ಒಳಗೆ ಬಂದಾಗ ಅಮ್ಮ ಟವೆಲ್ ಕೊಟ್ಟಳು. ‘ಇನ್ನೆರಡು ದಿನ ಬಿಸಿಲು ಕೊಟ್ಟಿದ್ದರೆ ಸಾಕಿತ್ತು’ ಎಂದು ಗೊಣಗಿದ.”

ಅಂಗಿ ಏಕೆ ಅಂಟಿತ್ತು? ಮಳೆ ಎಂಬ ಪದ ಎಲ್ಲಿಯೂ ಇಲ್ಲ. ‘ಬೆವರು’ ಎಂದ ಮಗುವನ್ನು ಗದರಬೇಡಿ. ಅಂಗಿಗೂ ಟವೆಲಿಗೂ ಆ ಉತ್ತರ ಹೊಂದುತ್ತದೆ, ಟಾರ್ಪಾಲಿಗೆ ಹೊಂದುವುದೇ ಎಂದು ಕೇಳಿ. ‘ಇಬ್ಬನಿ ಬೀಳುತ್ತದೆಂದು ಸಂಜೆ ದಿನವೂ ಹೊದಿಸುತ್ತಾರಲ್ಲ ಮಿಸ್’ ಎಂದು ತೋಟದ ಕಡೆಯ ಮಗುವೊಂದು ಎದುರಾಡಿದರೆ ಸಂತೋಷಪಡಿ, ಏಕೆಂದರೆ ನಿಜವಾದ ಓದು ಅಲ್ಲಿ ಆರಂಭವಾಗಿದೆ; ಆಗ ಕೊನೆಯ ವಾಕ್ಯದ ಬಿಸಿಲಿನ ಮಾತನ್ನು ತೋರಿಸಿ ತೀರ್ಮಾನಕ್ಕೆ ಬನ್ನಿ. ಗೊಣಗಿದವರು ಯಾರು ಎಂದೂ ಕೇಳಿ. ಅಲ್ಲಿ ಕರ್ತೃಪದವಿಲ್ಲ, ಅಮ್ಮನಲ್ಲವೆಂದು ಹೇಳುವುದು ‘ಗೊಣಗಿದ’ ಎಂಬ ಪುಲ್ಲಿಂಗ ರೂಪ ಮಾತ್ರ. ನಾನು ಕಂಡಂತೆ, ಸರಾಗವಾಗಿ ಓದುವ ಮಕ್ಕಳೂ ಎಡವುವುದು ಇಂಥ ಸಣ್ಣ ಜೋಡಣೆಯಲ್ಲಿಯೇ.

ಇಬ್ಬನಿಯ ಆಕ್ಷೇಪ ಕಾಫಿ ಕಣವನ್ನೇ ಕಾಣದ ಅರಸೀಕೆರೆಯ ಮಗುವಿಗೆ ಹೊಳೆಯಲಾರದು. ಅದರ ಬುದ್ಧಿ ಕಡಿಮೆಯೆಂದಲ್ಲ, ವಿಷಯ ತಿಳಿದಿಲ್ಲ, ಅಷ್ಟೇ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿದಾಗ, ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಆಟ ತಿಳಿಯದ ಚುರುಕಿನ ಓದುಗರಿಗಿಂತ ಚೆನ್ನಾಗಿ ಅದನ್ನು ಗ್ರಹಿಸಿದ್ದರು. ಆದ್ದರಿಂದ ಪಾಠಕ್ಕೆ ಮೊದಲು ಹತ್ತು ನಿಮಿಷ ಆ ಪಾಠದ ಲೋಕವನ್ನು, ಅದು ಬಂದರಾಗಲಿ, ನ್ಯಾಯಾಲಯವಾಗಲಿ, ಪರಿಚಯಿಸಿ. ಪಾಠದ ಸಾರಾಂಶವನ್ನು ಮಾತ್ರ ದಯವಿಟ್ಟು ಹೇಳಬೇಡಿ. ಎಲ್ಲವನ್ನೂ ಬಿಡಿಸಿ ಹೇಳಿ, ಗೈಡಿನ ಉತ್ತರ ಬರೆಸಿದ ಮೇಲೆ ಮಗುವಿಗೆ ಯೋಚಿಸಲು ಉಳಿಯುವುದೇನು?

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ತರಬೇತಿಗೆ ಮಗನನ್ನು ಸೇರಿಸಿದರೆ ಗ್ರಹಿಕೆ ಹೆಚ್ಚುವುದೇ? (ಪೋಷಕರು, ಚಿಕ್ಕಮಗಳೂರು)

ಉತ್ತರ: ಇಲ್ಲ. ಮಗು ಮೂಗಿನ ಪಕ್ಕದ ಸಂದಿಯಿಂದ ಇಣುಕುತ್ತದೆ, ನೀವು ಶುಲ್ಕ ಕಟ್ಟುತ್ತೀರಿ.

ಪ್ರಶ್ನೆ: ಪಾಠದಲ್ಲಿ ನೇರವಾಗಿ ಇಲ್ಲದ್ದನ್ನು ಹೀಗೆ ಕೇಳುವುದು ಎರಡನೆಯ ತರಗತಿಯವರಿಗೆ ತೀರಾ ಬೇಗವಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ನೀವು ಕಥೆ ಓದಿ ಹೇಳಿ, ಅವರು ಕೇಳಿ ಉತ್ತರಿಸಲಿ.

ಪ್ರಶ್ನೆ: ಇದಕ್ಕೆ ಒಳ್ಳೆಯ ವರ್ಕ್‌ಬುಕ್ ಯಾವುದು?

ಉತ್ತರ: ನಿಮ್ಮ ಮೇಜಿನ ಮೇಲಿರುವ ಪಠ್ಯಪುಸ್ತಕ.