ಹೂವಿನ ಮಾರ್ಕೆಟ್‌ನಲ್ಲಿ ತೆಗೆದ ಫೋಟೊ ಗಜಿಬಿಜಿಯಾಗುವುದೇಕೆ?

ಕಾಲೇಜಿನ ಪ್ರಾಜೆಕ್ಟ್‌ಗೆ ಬಣ್ಣ, ಗೆರೆ, ಆಕಾರ ಎದ್ದು ಕಾಣುವ ಫೋಟೊ ಬೇಕು, ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಅಷ್ಟೊಂದು ಬಣ್ಣವಿದ್ದರೂ ಫೋಟೊ ಗಜಿಬಿಜಿಯಾಗುತ್ತಿದೆ ಎಂದು ಕೇಳಿದ್ದೀರಿ. ತೊಂದರೆ ಇರುವುದೇ ಆ ‘ಅಷ್ಟೊಂದು’ ಬಣ್ಣದಲ್ಲಿ. ಐದಾರು ಗಾಢ ಬಣ್ಣಗಳು ಒಂದೇ ಫ್ರೇಮಿನಲ್ಲಿ ಸಮಪಾಲು ಹಿಡಿದು ಕೂತರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಎರಡೇ ಬಣ್ಣ ಆರಿಸಿಕೊಳ್ಳಿ, ಆಮೇಲೆ ಯಾವುದಕ್ಕೆ ಎಷ್ಟು ಜಾಗ ಎಂದು ತೀರ್ಮಾನಿಸಿ. ನನ್ನ ಪ್ರಕಾರ ಯಾವ ಬಣ್ಣ ಎನ್ನುವುದಕ್ಕಿಂತ ಎಷ್ಟು ಬಣ್ಣ ಎನ್ನುವುದೇ ಮುಖ್ಯ.

ಇದಕ್ಕೆ ಹಳೆಯ ಲೆಕ್ಕವೊಂದಿದೆ. ಜರ್ಮನ್ ಕವಿ ಗಯಟೆ ಬಣ್ಣಗಳ ಹೊಳಪಿಗೆ ಕೊಟ್ಟ ಅಂಕಿಗಳನ್ನು ಆಧರಿಸಿ, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಮಾಡಿದ ಯೊಹಾನೆಸ್ ಇಟನ್ ಬಣ್ಣಗಳ ಪಾಲನ್ನು ವಿವರಿಸಿದ್ದರು: ಕಿತ್ತಳೆ 1 ಪಾಲಿಗೆ ನೀಲಿ 2, ಹಳದಿ 1 ಪಾಲಿಗೆ ನೇರಳೆ 3, ಕೆಂಪು ಮತ್ತು ಹಸಿರು ಸಮಸಮ. ನೀಲಿ ಟಾರ್ಪಾಲಿನ್ ಮೇಲೆ ಚೆಂಡು ಹೂವಿನ ರಾಶಿ ಇದೆ ಎಂದುಕೊಳ್ಳಿ. ಫ್ರೇಮಿನ ಮೂರರಲ್ಲಿ ಎರಡು ಭಾಗ ನೀಲಿ ತುಂಬುವಂತೆ ನಿಂತರೆ ಎರಡೂ ಸರಿದೂಗುತ್ತವೆ. ಬೇಕೆಂದೇ ಈ ಲೆಕ್ಕ ಮುರಿಯಲೂಬಹುದು. ನೀಲಿಯ ನಡುವೆ ಒಂದೇ ಒಂದು ಹೂವು ಬಿದ್ದಿದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಮಾರ್ಕೆಟ್ ಕಟ್ಟಡದ ಮೇಲಿನ ಮಹಡಿಯಿಂದ ನೇರ ಕೆಳಗೆ ನೋಡಿ. ಆಕಾಶವಿಲ್ಲ, ಹಿನ್ನೆಲೆಯಿಲ್ಲ, ಬುಟ್ಟಿಗಳು ಬರೀ ವೃತ್ತಗಳಾಗುತ್ತವೆ. ಫೋನಿನಲ್ಲಿ 0.5ಎಕ್ಸ್ ಬೇಡ, ಮೂಲೆಯ ಬುಟ್ಟಿಗಳು ಎಳೆದಂತಾಗುತ್ತವೆ, ಬೇಡದ್ದೆಲ್ಲ ಒಳಗೆ ಬರುತ್ತದೆ. 2ಎಕ್ಸ್ ಇಟ್ಟುಕೊಳ್ಳಿ. ಕ್ಯಾಮೆರಾ ಆದರೆ ಲೆನ್ಸಿನ ಕಿಂಡಿ (ಅಪರ್ಚರ್) ಎಫ್/5.6ರಿಂದ 8ರಲ್ಲಿರಲಿ. ಕಿಂಡಿ ದೊಡ್ಡದಾಗುವ ಎಫ್/1.8ರಲ್ಲಿ ಹಿನ್ನೆಲೆಯ ಜೊತೆ ನಿಮಗೆ ಬೇಕಾದ ಗೆರೆಗಳೂ ಮಸುಕಾಗುತ್ತವೆ. ಹೂ ಕಟ್ಟುವ ಕೈ ಮಸುಕಾಗದಿರಲು 1/250 ಸೆಕೆಂಡ್ ಶಟರ್ ವೇಗ ಬೇಕು, ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800–1600ಕ್ಕೆ ಏರಿಸಿ, ಹೆದರಬೇಡಿ. ವ್ಯಾಪಾರದ ಹೊತ್ತಿನಲ್ಲಿ ಅಡ್ಡ ನಿಲ್ಲದೆ, ಕೇಳಿಯೇ ತೆಗೆಯಿರಿ.

ಹೆಚ್ಚಿನವರ ಫೋಟೊ ಕೆಡುವುದು ಚೆಂಡು ಹೂವಿನಲ್ಲಿ. ಕ್ಯಾಮೆರಾ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ದಾಖಲಿಸುತ್ತದೆ; ಕಿತ್ತಳೆಯಲ್ಲಿ ಕೆಂಪು ಚಾನೆಲ್ ಮೊದಲೇ ತುಂಬಿಹೋಗುತ್ತದೆ, ಎಸಳುಗಳ ಮಡಿಕೆ ಅಳಿಸಿ ಬರೀ ಬಣ್ಣದ ತೇಪೆ ಉಳಿಯುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೊಗ್ರಾಮ್ ನಕ್ಷೆ ಇದನ್ನು ಮುಚ್ಚಿಡಬಹುದು, ಮೂರೂ ಚಾನೆಲ್‌ಗಳನ್ನು ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಮ್ ನೋಡಿ. ಎಕ್ಸ್‌ಪೋಷರ್ ಅನ್ನು −0.7ರಿಂದ −1ಕ್ಕೆ ಇಳಿಸಿ. ಫೋನಿನಲ್ಲಾದರೆ ಹೂವಿನ ಮೇಲೆ ಬೆರಳೊತ್ತಿ ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ.

ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು, ಇನ್ನೊಂದು ಕಾಟ. ಫ್ರೇಮ್ ತುಂಬ ಕಿತ್ತಳೆ ಕಂಡರೆ ಬೆಳಕೇ ಕಿತ್ತಳೆಯೆಂದು ತಿಳಿದು ನೀಲಿ ಬೆರೆಸುತ್ತದೆ, ಒಂದೊಂದು ಫೋಟೊ ಒಂದೊಂದು ಬಣ್ಣ. ಬಿಸಿಲಿಗೆ ಡೇಲೈಟ್, ಸುಮಾರು 5500 ಕೆಲ್ವಿನ್, ಇಟ್ಟುಬಿಡಿ. ಟಾರ್ಪಾಲಿನ್ ಕೆಳಗೆ ಬೆಳಕೇ ನೀಲಿ, ಮಲ್ಲಿಗೆಯೂ ನೀಲಿ. ಅಲ್ಲಿ ಬಿಳಿ ಹಾಳೆ ಹಿಡಿದು ಕಸ್ಟಮ್ ಬ್ಯಾಲೆನ್ಸ್ ಮಾಡಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲ್‌ನಲ್ಲಿ ತೆಗೆಯಿರಿ. ಅರ್ಧ ಟಾರ್ಪಾಲಿನ್ ಬೆಳಕು, ಅರ್ಧ ಟ್ಯೂಬ್‌ಲೈಟ್ ಬೀಳುತ್ತಿದ್ದರೆ ಮಾತ್ರ ಯಾವ ಸೆಟ್ಟಿಂಗೂ ಪೂರ್ತಿ ಸರಿಮಾಡುವುದಿಲ್ಲ, ಜಾಗ ಬದಲಿಸಿ.

ಮನೆಗೆ ಬಂದ ಮೇಲೆ ಪ್ರತಿ ಫೋಟೊದ ಒಂದು ನಕಲಿನಲ್ಲಿ ಸ್ಯಾಚುರೇಷನ್ (ಬಣ್ಣದ ಗಾಢತೆ) ಸೊನ್ನೆ ಮಾಡಿ ನೋಡಿ. ಹಸಿರೆಲೆಯ ಮೇಲಿನ ಕೆಂಗುಲಾಬಿ ಬೂದು ಬಣ್ಣದಲ್ಲಿ ಎಲೆಯೊಳಗೇ ಕರಗಿಹೋದರೆ ಅದು ದೋಷವಲ್ಲ, ಅಲ್ಲಿ ಬಣ್ಣವೇ ಆಕಾರವನ್ನು ಹೊತ್ತಿದೆ. ಕಪ್ಪು–ಬಿಳುಪಿನಲ್ಲೂ ಅಷ್ಟೇ ಚೆನ್ನಾಗಿದ್ದರೆ ಅದನ್ನು ಗೆರೆ, ಆಕಾರದ ವಿಭಾಗಕ್ಕೆ ಕೊಡಿ, ಬಣ್ಣದ ವಿಭಾಗಕ್ಕೆ ಬೇಡ.

ಹೆಚ್ಚು ಬಣ್ಣ ಬೇಕೇಬೇಕು ಎನ್ನುವುದಾದರೆ ಅವುಗಳ ನಡುವೆ ಗೆರೆ ಎಳೆಯಿರಿ. ಛಾಯಾಗ್ರಾಹಕ ರಘುಬೀರ್ ಸಿಂಗ್ (1942–1999) ಅಂಬಾಸಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳಿಂದಲೇ ಬೀದಿಯ ದೃಶ್ಯವನ್ನು ತುಂಡುತುಂಡಾಗಿ ಭಾಗ ಮಾಡಿದ್ದರು. ನಿಮಗೆ ಅಂಗಡಿಯ ಕಂಬ, ಇಳಿಬಿಟ್ಟ ಹಾರ, ತಕ್ಕಡಿಯ ಸರಪಳಿ ಸಾಕು.