ಹೊಟ್ಟೆಯಲ್ಲಿ ನೀರಿದ್ದರೂ ಮೆಲ್ಡ್ ಅಂಕ ಕಡಿಮೆ ಏಕೆ?

ತಾಯಿಯವರ ಹೊಟ್ಟೆಯಲ್ಲಿ ಪದೇಪದೇ ನೀರು ತುಂಬುತ್ತಿದ್ದರೂ ಯಕೃತ್ತಿನ ಕಾಯಿಲೆಯ ತೀವ್ರತೆಯನ್ನು ಅಳೆಯುವ ಮೆಲ್ಡ್ ಅಂಕ 14 ಮಾತ್ರ ಏಕೆ ಎಂದು ಕೇಳಿದ್ದೀರಿ. ಮೂಲ ಮೆಲ್ಡ್ ಆ ನೀರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೇಯೊ ಕ್ಲಿನಿಕ್‌ನ ಪ್ಯಾಟ್ರಿಕ್ ಕಾಮತ್ ಮತ್ತು ಸಂಗಡಿಗರ ಸೂತ್ರ ನೋಡುವುದು ರಕ್ತಪರೀಕ್ಷೆಯ ಮೂರು ಅಂಕಿಗಳನ್ನೇ: ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು), ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ, ಸ್ನಾಯುವಿನಿಂದ ಬರುವ ತ್ಯಾಜ್ಯ), ಐಎನ್ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ). ನೀರಿನ ಅಂದಾಜು ವೈದ್ಯರಿಂದ ವೈದ್ಯರಿಗೆ ಬದಲಾಗುತ್ತದೆ. ರಕ್ತಪರೀಕ್ಷೆಯ ಅಂಕಿ ಅಷ್ಟು ಬದಲಾಗದು. ಅಮೆರಿಕ 2002ರಲ್ಲಿ ಕಸಿಗಾಗಿ ಯಕೃತ್ತಿನ ಹಂಚಿಕೆಗೆ ಇದನ್ನೇ ಆಧಾರ ಮಾಡಿಕೊಂಡಿತು.

ಆದರೆ ಇದರಿಂದ ಹೆಂಗಸರಿಗೆ ಅನ್ಯಾಯವಾಯಿತು ಎಂದೇ ನಾನು ಹೇಳುತ್ತೇನೆ. ಹೆಂಗಸರಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ; ಹಾಗಿದ್ದಾಗ ಮೂತ್ರಪಿಂಡ ಸೋತಿದ್ದರೂ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ. ಸೋಡಿಯಂ, ಅಲ್ಬುಮಿನ್, ಲಿಂಗ ಇವನ್ನೂ ಪರಿಗಣಿಸುವ ಹೊಸ ಸೂತ್ರ ಮೆಲ್ಡ್ 3.0 ಅಮೆರಿಕದಲ್ಲಿ 2023ರಲ್ಲಿ ಜಾರಿಗೆ ಬಂದಿದೆ. ನಿಮ್ಮ ವೈದ್ಯರಲ್ಲಿ ಆ ಲೆಕ್ಕವನ್ನೂ ಕೇಳಿ; ಅಂಕ ಕಡಿಮೆಯೆಂದು ಕಸಿ ತಜ್ಞರ ಭೇಟಿಯನ್ನು ದಯವಿಟ್ಟು ಮುಂದೂಡಬೇಡಿ.